ಕರಡು ಬೈಲಾ ಪ್ರಕಟವಾಗಿದೆ, ಈಗ ನಾವೇನು ಮಾಡಬೇಕು? ಸ್ಥಳೀಯ ಸಂಸ್ಥೆಗಳ ನಿಯಮ ರಚನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಸದ ಶುಲ್ಕ, ಜಾಹೀರಾತು ಫಲಕ, ವಾಹನ ನಿಲುಗಡೆ, ಅಂಗಡಿ ಪರವಾನಗಿ, ಸಾಕುನಾಯಿ, ಕಟ್ಟಡದ ಎತ್ತರ: ನಮ್ಮ ದಿನನಿತ್ಯವನ್ನು ಮುಟ್ಟುವ ಹೆಚ್ಚಿನ ನಿಯಮಗಳು ವಿಧಾನಸೌಧದ ಚರ್ಚೆಯಿಂದ ನೇರವಾಗಿ ಬರುವುದಿಲ್ಲ. ಅವು ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ, ಯೋಜನಾ ಪ್ರಾಧಿಕಾರ, ಗ್ರಾಮ ಪಂಚಾಯಿತಿಗಳ ಮೇಜಿನ ಮೇಲೆ ರೂಪುಗೊಳ್ಳುತ್ತವೆ. ಅಂತಿಮವಾಗುವ ಮೊದಲು ‘ಆಕ್ಷೇಪಣೆ ಮತ್ತು ಸಲಹೆ’ ಸಲ್ಲಿಸಲು ಜನರಿಗೆ ಕೆಲವು ದಿನಗಳ ಅವಕಾಶ ಇರುತ್ತದೆ. ಆ ದಿನಗಳ ಬಗ್ಗೆ ನೆರೆಹೊರೆಯವರು, ಅಂಗಡಿಯವರು, ನಿವಾಸಿಗಳ ಸಂಘದವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಅವರ ಮಾತಿನಲ್ಲೇ ಕೊಟ್ಟಿದ್ದೇನೆ. ಉತ್ತರಗಳು ಕರ್ನಾಟಕದ ಪರಿಸ್ಥಿತಿಗೆ ಸಂಬಂಧಿಸಿದವು.

## ಮೊದಲು ತಿಳಿಯಬೇಕಾದದ್ದು

ಕಾಯ್ದೆ, ನಿಯಮ, ಬೈಲಾ ಎಲ್ಲ ಒಂದೇ ಅಲ್ಲವೇ? ಯಾವುದಕ್ಕೆ ನಾವು ಆಕ್ಷೇಪಣೆ ಸಲ್ಲಿಸಬಹುದು?

ಕಾಯ್ದೆಯನ್ನು ಶಾಸನಸಭೆ ಮಾಡುತ್ತದೆ. ಆ ಕಾಯ್ದೆ ಕೊಟ್ಟ ಅಧಿಕಾರದಿಂದ ರಾಜ್ಯ ಸರ್ಕಾರ ನಿಯಮಗಳನ್ನು ಮಾಡುತ್ತದೆ. ಅದೇ ಕಾಯ್ದೆಯ ಚೌಕಟ್ಟಿನೊಳಗೆ ಸ್ಥಳೀಯ ಸಂಸ್ಥೆ ತನ್ನ ಊರಿಗಾಗಿ ಮಾಡಿಕೊಳ್ಳುವುದು ಬೈಲಾ, ಅಂದರೆ ಉಪವಿಧಿ. ಊರುಗಳಿಗೆ 1964ರ ಪೌರಸಭೆಗಳ ಕಾಯ್ದೆ, ದೊಡ್ಡ ನಗರಗಳಿಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಭೂಬಳಕೆ ಮತ್ತು ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮೂಲ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದದ್ದು ಆ ಕಾಯ್ದೆಯಡಿಯಲ್ಲಿ. ಅದಕ್ಕೂ ಮೊದಲು ಕರಡು ಹೊರಡಿಸಿ ಆಕ್ಷೇಪಣೆ ಕೇಳಲಾಗಿತ್ತು.

ಮೂಲ ಕಾಯ್ದೆಯಲ್ಲಿ ‘ಪೂರ್ವ ಪ್ರಕಟಣೆಯ ನಂತರ’ ಎಂಬ ಮಾತಿದ್ದರೆ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಅಂತಿಮಗೊಳಿಸಬೇಕು. ಇಡೀ ವಿಷಯದ ಕೀಲಿ ಈ ಮಾತು. ಹಾಗಾಗಿ ಕರಡು ಕೈಗೆ ಸಿಕ್ಕ ಕೂಡಲೇ ಪೀಠಿಕೆ ಓದಿ. ಯಾವ ಕಾಯ್ದೆಯ ಯಾವ ಪ್ರಕರಣದಡಿ (ಸೆಕ್ಷನ್) ಇದನ್ನು ಹೊರಡಿಸಲಾಗಿದೆ ಎಂದು ಅಲ್ಲಿ ಬರೆದಿರುತ್ತದೆ.

ಕರಡು ಹೊರಬಂದದ್ದೇ ನಮಗೆ ಗೊತ್ತಾಗುವುದಿಲ್ಲ. ಎಲ್ಲಿ ನೋಡಬೇಕು?

ಮೊದಲ ಜಾಗ ಕರ್ನಾಟಕ ರಾಜ್ಯಪತ್ರ. ಇ-ರಾಜ್ಯಪತ್ರ ಜಾಲತಾಣದಲ್ಲಿ ಅಧಿಸೂಚನೆಗಳು ಉಚಿತವಾಗಿ ಸಿಗುತ್ತವೆ. ಎರಡನೆಯದು ಕಚೇರಿಯ ಸೂಚನಾ ಫಲಕ, ಮೂರನೆಯದು ದಿನಪತ್ರಿಕೆಯ ಒಳಪುಟದ ಸಣ್ಣ ಅಕ್ಷರದ ಸಾರ್ವಜನಿಕ ಪ್ರಕಟಣೆ. ಇವೆಲ್ಲವನ್ನೂ ಪ್ರತಿದಿನ ಒಬ್ಬರೇ ನೋಡುವುದು ಕಷ್ಟ. ಬಡಾವಣೆಯಲ್ಲಿ ಇಬ್ಬರು ಮೂವರು ಹಂಚಿಕೊಂಡು ವಾರಕ್ಕೊಮ್ಮೆ ನೋಡಿದರೂ ಸಾಕು.

ಇವೆಲ್ಲಕ್ಕಿಂತ ಮೊದಲೇ ಸುಳಿವು ಸಿಗುವ ಜಾಗ ಸಾಮಾನ್ಯ ಸಭೆಯ ಕಾರ್ಯಸೂಚಿ. ‘ಬೈಲಾ ತಿದ್ದುಪಡಿ ಕುರಿತು’ ಎಂಬ ಒಂದು ಸಾಲು ಅಲ್ಲಿ ಕಾಣಿಸಿಕೊಂಡರೆ ಕರಡು ತಯಾರಾಗುತ್ತಿದೆ ಎಂದರ್ಥ. ನಿಮ್ಮ ವಾರ್ಡಿನ ಸದಸ್ಯರಿಗೆ ಕಾರ್ಯಸೂಚಿ ಸಭೆಗೆ ಮೊದಲೇ ತಲುಪಿರುತ್ತದೆ. ಅವರಿಂದ ಒಂದು ಪ್ರತಿ ಕೇಳಿ ಪಡೆಯಿರಿ.

ನಾನು ಬಾಡಿಗೆ ಮನೆಯಲ್ಲಿದ್ದೇನೆ, ಮತದಾರರ ಪಟ್ಟಿಯಲ್ಲಿ ಹೆಸರು ಬೇರೆ ಊರಿನಲ್ಲಿದೆ. ನನ್ನ ಆಕ್ಷೇಪಣೆ ತೆಗೆದುಕೊಳ್ಳುತ್ತಾರೆಯೇ?

ತೆಗೆದುಕೊಳ್ಳಲೇಬೇಕು. ಪೂರ್ವ ಪ್ರಕಟಣೆಯ ಸಾಮಾನ್ಯ ವಿಧಾನವನ್ನು ಹೇಳುವ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣ ‘ಯಾವುದೇ ವ್ಯಕ್ತಿ’ ಎಂದಷ್ಟೇ ಹೇಳುತ್ತದೆ. ಮನೆ ಮಾಲೀಕ, ತೆರಿಗೆದಾರ, ಮತದಾರ ಎಂಬ ಭೇದ ಅಲ್ಲಿಲ್ಲ. ರಸ್ತೆಬದಿಯಲ್ಲಿ ಸೊಪ್ಪು ಮಾರುವವರು, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ, ಊರಿನಲ್ಲಿ ಮನೆಯಿಟ್ಟು ವಿದೇಶದಲ್ಲಿ ದುಡಿಯುತ್ತಿರುವವರು ಎಲ್ಲರೂ ಬರೆಯಬಹುದು. ಕೆಲವು ವಿಷಯಗಳಲ್ಲಿ ಮಾತ್ರ, ಉದಾಹರಣೆಗೆ ಹೊಸ ತೆರಿಗೆ ಹೇರುವಾಗ, ಮೂಲ ಕಾಯ್ದೆ ಆಕ್ಷೇಪಿಸುವವರನ್ನು ‘ನಿವಾಸಿ’ ಎಂದು ಕರೆದಿರಬಹುದು. ಬಾಡಿಗೆದಾರರೂ ನಿವಾಸಿಗಳೇ.

ಎಷ್ಟು ದಿನ ಕೊಡುತ್ತಾರೆ?

ಪ್ರಕಟಣೆಯಲ್ಲಿ ಬರೆದಷ್ಟು. ಒಂದೊಂದು ಕಾಯ್ದೆಯಲ್ಲಿ ಒಂದೊಂದು ಅವಧಿ ಇದೆ. ಬೆಂಗಳೂರಿನ ವಾರ್ಡುಗಳ ಮರುವಿಂಗಡಣೆಯ ಕರಡಿಗೆ 2022ರಲ್ಲಿ ಸಿಕ್ಕದ್ದು 15 ದಿನ. 2017ರ ನವೆಂಬರ್‌ನಲ್ಲಿ ಬಂದ ಬೆಂಗಳೂರಿನ 2031ರ ಪರಿಷ್ಕೃತ ಮಹಾಯೋಜನೆಯ ಕರಡಿಗೆ 60 ದಿನ. ಎಣಿಕೆ ಶುರುವಾಗುವುದು ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ. ನೀವು ಪತ್ರಿಕೆಯಲ್ಲಿ ಓದಿದ ದಿನಕ್ಕೆ ಲೆಕ್ಕವಿಲ್ಲ. ಅವಧಿ ಸಾಲದು ಅನ್ನಿಸಿದರೆ ಅದನ್ನೇ ಮೊದಲ ಪತ್ರವಾಗಿ ಬರೆದು ವಿಸ್ತರಣೆ ಕೇಳಿ. ಉತ್ತರಕ್ಕೆ ಕಾಯದೆ ಆಕ್ಷೇಪಣೆಯನ್ನು ಮಾತ್ರ ಕೊನೆಯ ದಿನದೊಳಗೆ ಸಲ್ಲಿಸಿಬಿಡಿ.

## ಬರೆಯುವುದು, ಸಲ್ಲಿಸುವುದು

ಆಕ್ಷೇಪಣೆ ಬರೆಯಲು ವಕೀಲರು ಬೇಕೇ? ಹೇಗೆ ಬರೆದರೆ ಓದುತ್ತಾರೆ?

ವಕೀಲರು ಬೇಡ. ನಿಮ್ಮ ಪತ್ರವನ್ನು ಓದುವವರು ಯಾರು ಎಂಬುದು ಗೊತ್ತಿದ್ದರೆ ಸಾಕು. ಬಂದ ಆಕ್ಷೇಪಣೆಗಳನ್ನೆಲ್ಲ ಒಬ್ಬ ಸಿಬ್ಬಂದಿ ಒಂದು ಕೋಷ್ಟಕದಲ್ಲಿ ಹಾಕುತ್ತಾರೆ: ಕ್ರಮಸಂಖ್ಯೆ, ಆಕ್ಷೇಪಣೆದಾರರ ಹೆಸರು, ಆಕ್ಷೇಪಣೆಯ ಸಾರಾಂಶ, ಕಚೇರಿಯ ಅಭಿಪ್ರಾಯ. ಮೇಲಿನ ಅಧಿಕಾರಿ ನೋಡುವುದು ಬಹುತೇಕ ಆ ಕೋಷ್ಟಕವನ್ನೇ. ಎರಡು ಪುಟದ ಸಿಟ್ಟು ‘ಬೈಲಾವನ್ನು ವಿರೋಧಿಸಿದ್ದಾರೆ’ ಎಂಬ ಎರಡು ಪದಗಳಾಗಿ ಅಲ್ಲಿ ಕುಗ್ಗುತ್ತದೆ, ಅದರ ಮುಂದೆ ‘ಪರಿಗಣಿಸಲು ಅವಕಾಶವಿಲ್ಲ’ ಎಂದು ಬರೆಯುವುದು ಸುಲಭ. ಆದ್ದರಿಂದ ಒಂದೊಂದು ಅಂಶವನ್ನೂ ಆ ಕೋಷ್ಟಕದ ಒಂದು ಸಾಲಾಗುವಂತೆ, ಕಾರಣ ಕೊಡದೆ ತಳ್ಳಿಹಾಕಲು ಆಗದಂತೆ ಬರೆಯಬೇಕು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಕಸ ಸಂಗ್ರಹಣೆಯ ಶುಲ್ಕದ ಕರಡಿನಲ್ಲಿ 6ನೇ ಖಂಡ ‘ಎಲ್ಲ ವಾಣಿಜ್ಯ ಮಳಿಗೆಗಳಿಗೆ ತಿಂಗಳಿಗೆ ₹500’ ಎನ್ನುತ್ತದೆ ಎಂದುಕೊಳ್ಳಿ. ಹೆಚ್ಚಿನವರು ಬರೆಯುವುದು ಹೀಗೆ: ‘ಬಡ ವ್ಯಾಪಾರಿಗಳ ಮೇಲೆ ಇದು ಅನ್ಯಾಯದ ಹೊರೆ, ಕೂಡಲೇ ಕೈಬಿಡಬೇಕು.’ ಮಾತು ಸತ್ಯ, ಆದರೆ ಹಿಡಿದುಕೊಳ್ಳಲು ಏನೂ ಇಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಖಂಡ 6: ಮಳಿಗೆಯ ವಿಸ್ತೀರ್ಣವಾಗಲಿ ಹೊರಹಾಕುವ ಕಸದ ಪ್ರಮಾಣವಾಗಲಿ ಇಲ್ಲಿ ಲೆಕ್ಕಕ್ಕೆ ಬಂದಿಲ್ಲ. ನನ್ನದು 80 ಚದರ ಅಡಿಯ ಹೊಲಿಗೆ ಅಂಗಡಿ. ಪಕ್ಕದ ಕಲ್ಯಾಣಮಂಟಪಕ್ಕೂ ನನಗೂ ಒಂದೇ ಶುಲ್ಕ ಬೀಳುತ್ತದೆ. ಸಲಹೆ: ವಿಸ್ತೀರ್ಣ ಮತ್ತು ಕಸದ ಪ್ರಮಾಣಕ್ಕೆ ತಕ್ಕಂತೆ ಹಂತಗಳನ್ನು ಮಾಡಿ, 100 ಚದರ ಅಡಿಗಿಂತ ಚಿಕ್ಕ ಮಳಿಗೆಗಳಿಗೆ ಮನೆಗಳ ದರವನ್ನೇ ಅನ್ವಯಿಸಬೇಕು. ಜೊತೆಗೆ ಅಂಗಡಿಯ ಪರವಾನಗಿಯ ಪ್ರತಿ ಲಗತ್ತಿಸಿದೆ.’

ಎರಡನೆಯದರಲ್ಲಿ ಖಂಡದ ಸಂಖ್ಯೆ ಇದೆ, ತೊಂದರೆ ಏನೆಂದು ಇದೆ, ಪುರಾವೆ ಇದೆ, ಬದಲಿಗೆ ಏನು ಬೇಕೆಂದು ಇದೆ. ಸಾಧ್ಯವಾದರೆ ಬದಲಿ ವಾಕ್ಯವನ್ನೇ ಕರಡಿನ ಭಾಷೆಯಲ್ಲಿ ಬರೆದುಕೊಡಿ. ತಿದ್ದುಪಡಿ ಸಿದ್ಧಪಡಿಸುವವರಿಗೆ ಅದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ಖಂಡಗಳನ್ನು ಬೆಂಬಲಿಸಿ ಬರೆಯುವುದೂ ಅಷ್ಟೇ ಮುಖ್ಯ. ಬೆಂಬಲದ ಪತ್ರ ಯಾರೂ ಬರೆಯದೇ ಹೋದಾಗ ಜನರಿಗೆ ಅನುಕೂಲವಾಗಿದ್ದ ಖಂಡಗಳೇ ಕೊನೆಯ ಹಂತದಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ.

ಒಂದೇ ಪತ್ರವನ್ನು ಸಾವಿರ ಜನ ಸಹಿ ಮಾಡಿ ಕಳುಹಿಸಿದರೆ ಹೆಚ್ಚು ಬಲ ಅಲ್ಲವೇ?

ರಾಜಕೀಯವಾಗಿ ಬಲ ಇದೆ. ಸದಸ್ಯರು, ಶಾಸಕರು ಸಂಖ್ಯೆಯನ್ನು ಗಮನಿಸುತ್ತಾರೆ. ಆದರೆ ಆಕ್ಷೇಪಣೆ ಮತದಾನವಲ್ಲ. ಕೋಷ್ಟಕದಲ್ಲಿ ಆ ಸಾವಿರ ಪತ್ರಗಳೂ ಒಂದೇ ಸಾಲು. ನೂರು ಜನ ಸಹಿ ಮಾಡಿದ ಒಂದು ಮನವಿಯ ಜೊತೆಗೆ ಹತ್ತು ಜನ ತಮ್ಮ ತಮ್ಮ ಪರಿಸ್ಥಿತಿ ವಿವರಿಸಿ ಹತ್ತು ಬೇರೆ ಪತ್ರ ಬರೆದರೆ ಎರಡೂ ಕಡೆ ಕೆಲಸವಾಗುತ್ತದೆ. ಹೋಟೆಲಿನವರು, ಅಂಗವಿಕಲರು, ಆಟೋ ಚಾಲಕರು, ಶಾಲೆಯ ಪೋಷಕರು ಒಂದೇ ನಿಲುಗಡೆ ಬೈಲಾವನ್ನು ನಾಲ್ಕು ರೀತಿಯಲ್ಲಿ ಅನುಭವಿಸುತ್ತಾರೆ. ಆ ನಾಲ್ಕೂ ಕಡತಕ್ಕೆ ಬರಬೇಕು.

ಕರಡು ಪೂರ್ತಿ ಇಂಗ್ಲಿಷಿನಲ್ಲಿದೆ. ನಾನು ಕನ್ನಡದಲ್ಲಿ ಬರೆಯಬಹುದೇ? ಕನ್ನಡ ಪ್ರತಿ ಕೇಳಬಹುದೇ?

ಎರಡೂ ನಿಮ್ಮ ಹಕ್ಕು. ಸ್ಥಳೀಯ ಪ್ರಾಧಿಕಾರಗಳ ಆಡಳಿತ ಭಾಷೆ ಕನ್ನಡ ಎಂದು 1981ರಲ್ಲೇ ಪ್ರತ್ಯೇಕ ಕಾಯ್ದೆ ಆಗಿದೆ. ಹೀಗಿದ್ದೂ ತಾಂತ್ರಿಕ ಸಲಹಾ ಸಂಸ್ಥೆಗಳು ಸಿದ್ಧಪಡಿಸುವ ಕರಡುಗಳು, ಅದರಲ್ಲೂ ಯೋಜನೆ ಮತ್ತು ಕಟ್ಟಡಕ್ಕೆ ಸಂಬಂಧಿಸಿದವು, ಇಂಗ್ಲಿಷಿನಲ್ಲೇ ಬರುವುದುಂಟು. ಸಾರ್ವಜನಿಕರ ಅಭಿಪ್ರಾಯ ಕೇಳುವ ದಾಖಲೆ ಸಾರ್ವಜನಿಕರಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಅಭಿಪ್ರಾಯ ಕೇಳಿದಂತೆಯೇ ಆಗುವುದಿಲ್ಲ. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಗೂ ಸಿದ್ಧನಿಲ್ಲ.

ನ್ಯಾಯಾಲಯಗಳೂ ಇದನ್ನು ಗಂಭೀರವಾಗಿ ನೋಡಿವೆ. ಕೇಂದ್ರ ಸರ್ಕಾರ 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಹೊರಡಿಸಿದಾಗ ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಪ್ರಚಾರ ಮಾಡಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲವೆಂಬ ಕಾರಣಕ್ಕೆ ಅಂತಿಮ ಅಧಿಸೂಚನೆ ಹೊರಡಿಸದಂತೆ ಅದೇ ವರ್ಷದ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ದೆಹಲಿಯಲ್ಲಿ ತಯಾರಾದ ಕರಡಿಗೇ ಹೀಗೆಂದ ಮೇಲೆ ನಮ್ಮ ಊರಿನ ಪುರಸಭೆಯ ಕರಡಿಗೆ ನೆಪ ಹೇಳಲು ಜಾಗವಿಲ್ಲ. ಪತ್ರದಲ್ಲಿ ಇಷ್ಟು ಬರೆಯಿರಿ: ‘ಕರಡಿನ ಕನ್ನಡ ಪ್ರತಿ ಪ್ರಕಟಿಸಿ, ಆ ದಿನದಿಂದ ಅವಧಿಯನ್ನು ಹೊಸದಾಗಿ ಎಣಿಸಬೇಕು.’

ಇ-ಮೇಲ್ ಕಳುಹಿಸಿದರೆ ಸಾಕೇ?

ಪ್ರಕಟಣೆಯಲ್ಲಿ ಇ-ಮೇಲ್ ವಿಳಾಸ ಕೊಟ್ಟಿದ್ದರೆ ಸಾಕು. ಆದರೂ ಮುದ್ರಿತ ಪ್ರತಿಯೊಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮೇಲೆ ‘ದಿನಾಂಕ ಇಂತಿಷ್ಟರ ಕರಡು ಅಧಿಸೂಚನೆ ಸಂಖ್ಯೆ ಇಂತಿಷ್ಟಕ್ಕೆ ಆಕ್ಷೇಪಣೆ ಮತ್ತು ಸಲಹೆ’ ಎಂದೇ ವಿಷಯ ಬರೆಯಿರಿ. ಹಾಗೆ ಬರೆಯದ ಪತ್ರ ಸಾಮಾನ್ಯ ದೂರುಗಳ ಕಂತೆಗೆ ಸೇರಿಹೋಗುವ ಸಾಧ್ಯತೆ ಹೆಚ್ಚು.

## ಸಲ್ಲಿಸಿದ ಮೇಲೆ

ಪತ್ರ ಕೊಟ್ಟು ತಿಂಗಳುಗಳಾದವು, ಉತ್ತರವೇ ಇಲ್ಲ. ನಮ್ಮ ಪತ್ರ ಓದಿದ್ದಾರೆಂದು ಹೇಗೆ ತಿಳಿಯುವುದು?

ಪ್ರತಿಯೊಬ್ಬರಿಗೂ ಪ್ರತ್ಯೇಕ ಉತ್ತರ ಕೊಡಬೇಕೆಂದು ಕಾನೂನು ಸಾಮಾನ್ಯವಾಗಿ ಹೇಳುವುದಿಲ್ಲ. ಆಕ್ಷೇಪಣೆಯನ್ನು ಪರಿಶೀಲಿಸಬೇಕು ಎನ್ನುತ್ತದೆ. ಪರಿಶೀಲಿಸಿದ್ದಾರೆ ಎಂಬುದಕ್ಕೆ ಸಾಕ್ಷಿ ಕಡತದ ಟಿಪ್ಪಣಿ ಹಾಳೆಯಲ್ಲಿ ಇರಬೇಕು, ಅದನ್ನು ನೋಡುವ ದಾರಿ ಮಾಹಿತಿ ಹಕ್ಕು.

ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದಗಳ ಮಿತಿ ಇದೆ, ಶುಲ್ಕ ₹10. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ‘ನಮ್ಮ ಆಕ್ಷೇಪಣೆಯನ್ನು ಏಕೆ ತಿರಸ್ಕರಿಸಿದಿರಿ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ. ದಾಖಲೆ ಕೇಳಿ: ಕರಡಿಗೆ ಬಂದ ಆಕ್ಷೇಪಣೆಗಳ ಕೋಷ್ಟಕ, ಅವುಗಳ ಮೇಲಿನ ಕಚೇರಿ ಟಿಪ್ಪಣಿ, ಅವುಗಳನ್ನು ಪರಿಶೀಲಿಸಿದ ಸಭೆಯ ನಡವಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಈ ಅರ್ಜಿಯನ್ನು ಅಂತಿಮ ಅಧಿಸೂಚನೆ ಬರುವವರೆಗೆ ಕಾಯದೆ, ಆಕ್ಷೇಪಣೆಯ ಅವಧಿ ಮುಗಿದ ಮರುದಿನವೇ ಹಾಕುವುದು ಒಳ್ಳೆಯದು. ಯಾರೋ ಕೇಳುತ್ತಿದ್ದಾರೆ ಎಂದು ಗೊತ್ತಾದ ಕಡತದಲ್ಲಿ ಟಿಪ್ಪಣಿಗಳು ಹೆಚ್ಚು ಎಚ್ಚರದಿಂದ ಬರೆಯಲ್ಪಡುತ್ತವೆ.

ಎಲ್ಲ ಮೊದಲೇ ತೀರ್ಮಾನ ಮಾಡಿರುತ್ತಾರೆ. ಇದೆಲ್ಲ ನೆಪಮಾತ್ರಕ್ಕೆ ಅಲ್ಲವೇ?

ಬೇಸರದಿಂದ ಬರುವ ಪ್ರಶ್ನೆ ಇದು. ಬೇಸರಕ್ಕೆ ಕಾರಣವೂ ಇದೆ. ಕರಡು ಪ್ರಕಟವಾಗುವ ಹೊತ್ತಿಗೆ ಇಲಾಖೆ, ಸಲಹಾ ಸಂಸ್ಥೆ, ಕೆಲವೊಮ್ಮೆ ಪ್ರಬಲ ಆಸಕ್ತಿಗಳು ಸೇರಿ ಚೌಕಟ್ಟನ್ನು ಹಾಕಿಯಾಗಿರುತ್ತದೆ. ‘ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ’ ಎಂಬ ಒಂದೇ ಸಾಲಿನೊಂದಿಗೆ ಕರಡು ಅಕ್ಷರವೂ ಬದಲಾಗದೆ ಅಂತಿಮವಾದದ್ದನ್ನು ನೋಡಿದವರು ಈ ಪ್ರಶ್ನೆ ಕೇಳದಿರಲು ಹೇಗೆ ಸಾಧ್ಯ?

ಆದರೂ ಎರಡು ಸಂಗತಿ ನೆನಪಿಡಬೇಕು. ಬೆಂಗಳೂರಿನ 2031ರ ಮಹಾಯೋಜನೆಯ ಕರಡಿಗೆ ಸಾವಿರಾರು ಆಕ್ಷೇಪಣೆಗಳು ಬಂದವು, ಕೊನೆಗೆ ಸರ್ಕಾರ ಆ ಕರಡನ್ನೇ ಹಿಂಪಡೆಯಿತು. ಆಕ್ಷೇಪಣೆಗಳೇ ಏಕೈಕ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಆ ಕರಡಿನ ದೌರ್ಬಲ್ಯಗಳು ದಾಖಲಾದದ್ದು ಅವುಗಳಿಂದಲೇ. ಇನ್ನೊಂದು ಕಡೆಯಿಂದ ನೋಡಿ: ಅದೇ ನಗರದಲ್ಲಿ 2018ರಲ್ಲಿ ಬಂದ ಸಾಕುನಾಯಿ ಬೈಲಾ ಒಂದು ಫ್ಲಾಟ್‌ಗೆ ಒಂದೇ ನಾಯಿ ಎಂದು ಮಿತಿ ಹಾಕಿತು. ಜನ ಜೋರಾಗಿ ಮಾತಾಡಿದ್ದು ಅದು ಹೊರಬಂದ ಮೇಲೆ. ವಿರೋಧ ಎಷ್ಟಾಯಿತೆಂದರೆ ಅದನ್ನು ತಡೆಹಿಡಿಯಬೇಕಾಯಿತು. ಮೊದಲೇ ಕೇಳಿ ತಿದ್ದಿದ್ದರೆ ಎರಡೂ ಕಡೆಯ ಶ್ರಮ ಉಳಿಯುತ್ತಿತ್ತು, ನಾಯಿಗಳ ಲಸಿಕೆ ಮತ್ತು ನೋಂದಣಿಯಂತಹ ಒಳ್ಳೆಯ ಅಂಶಗಳೂ ಗದ್ದಲದಲ್ಲಿ ಮುಳುಗುತ್ತಿರಲಿಲ್ಲ.

ನಿಜವಾಗಿ ಪರಿಣಾಮ ಬೇಕಿದ್ದರೆ ಕರಡಿನ ಹಿಂದಿನ ಹಂತಕ್ಕೆ ಹೋಗಬೇಕು. ಸ್ಥಾಯಿ ಸಮಿತಿ, ವಾರ್ಡ್ ಸಮಿತಿ, ಆಯವ್ಯಯದ ಪೂರ್ವಭಾವಿ ಸಭೆಗಳಲ್ಲಿ ಬೀಜ ಬೀಳುತ್ತದೆ. ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 243ಎಸ್ ವಿಧಿ ಹೇಳುತ್ತದೆ.

ನಮ್ಮಲ್ಲಿ ಚುನಾಯಿತ ಸದಸ್ಯರೇ ಇಲ್ಲ, ಆಡಳಿತಾಧಿಕಾರಿ ಇದ್ದಾರೆ. ಆಗ ಬೈಲಾ ಮಾಡಬಹುದೇ?

ಆಡಳಿತಾಧಿಕಾರಿಗೆ ಸಾಮಾನ್ಯವಾಗಿ ಕೌನ್ಸಿಲಿನ ಅಧಿಕಾರಗಳೇ ಇರುತ್ತವೆ, ಆದ್ದರಿಂದ ಮಾಡಬಹುದು. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆಯೇ ನಡೆಯಿತು. ಇಂಥ ಅವಧಿಯಲ್ಲಿ ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವ ಸದಸ್ಯರಿಲ್ಲ, ಪ್ರತಿಪಕ್ಷವಿಲ್ಲ, ಪತ್ರಕರ್ತರು ಕೂತು ಕೇಳುವ ಚರ್ಚೆಯಿಲ್ಲ. ಸಾರ್ವಜನಿಕರ ಆಕ್ಷೇಪಣೆಯೊಂದೇ ಉಳಿಯುವ ಬಾಗಿಲು. ಚುನಾವಣೆ ಇಲ್ಲದ ಊರಿನವರು ಕರಡುಗಳನ್ನು ಎರಡು ಪಟ್ಟು ಗಮನವಿಟ್ಟು ಓದಬೇಕು.

ನಮ್ಮದು ಹಳ್ಳಿ. ಗ್ರಾಮಸಭೆಯಲ್ಲಿ ಹೇಳಿದರೆ ಆಕ್ಷೇಪಣೆ ಸಲ್ಲಿಸಿದಂತೆಯೇ?

ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿದರೆ ಅದಕ್ಕೆ ತೂಕವಿದೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂಬುದು ಕಾಯ್ದೆಯ ಮಾತು. ಅಲ್ಲಿ ಎದ್ದ ವಿಷಯ ಗ್ರಾಮಸಭೆಗೆ ಹೋಗುತ್ತದೆ. ಆದರೆ ನೀರಿನ ದರ, ಮನೆ ಕಂದಾಯ, ಸಂತೆ ಶುಲ್ಕದಂತಹ ಕರಡಿಗೆ ಪಂಚಾಯಿತಿ ಪ್ರತ್ಯೇಕ ಪ್ರಕಟಣೆ ಕೊಟ್ಟಿದ್ದರೆ, ಸಭೆಯಲ್ಲಿ ಮಾತಾಡಿದ್ದರ ಜೊತೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತ ಪತ್ರವನ್ನೂ ಕೊಡಿ. ಸಭೆ ಮುಗಿಯುವ ಮೊದಲೇ ನಡವಳಿಯನ್ನು ಓದಿ ಹೇಳಲು ಕೇಳಿ. ಮಹಿಳೆಯರು, ದಲಿತ ಕೇರಿಯವರು ಹೇಳಿದ ಮಾತು ಅದರಲ್ಲಿ ಬಂದಿದೆಯೇ ಎಂದು ವಿಶೇಷವಾಗಿ ನೋಡಿ. ಹೆಚ್ಚಾಗಿ ಬಿಟ್ಟುಹೋಗುವುದು ಅದೇ.

## ಕಾನೂನಿನ ಒಳಪದರ

ಸರಿಯಾಗಿ ಪ್ರಕಟಿಸದೆ ಬೈಲಾ ಮಾಡಿದ್ದಾರೆ. ಕೋರ್ಟಿಗೆ ಹೋದರೆ ರದ್ದಾಗುತ್ತದೆಯೇ?

ಆಗಬಹುದು, ಆಗದಿರಬಹುದು. ಸುಪ್ರೀಂ ಕೋರ್ಟಿನ ಎರಡು ಹಳೆಯ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ.

ಉತ್ತರ ಪ್ರದೇಶದ ರಾಂಪುರದ ಪುರಸಭೆ ನೀರಿನ ತೆರಿಗೆ ಹಾಕಿತು. ಪ್ರಸ್ತಾವವನ್ನು ಹಿಂದಿ ಪತ್ರಿಕೆಯಲ್ಲಿ ಪ್ರಕಟಿಸಬೇಕಿತ್ತು, ಅದು ಹಿಂದಿಯಲ್ಲೇ ಬಂತು, ಆದರೆ ಉರ್ದು ಪತ್ರಿಕೆಯೊಂದರಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆ ನ್ಯಾಯಾಲಯಕ್ಕೆ ಹೋಯಿತು. ಪ್ರಕಟಣೆ ಎಂಬುದು ಕಡ್ಡಾಯ, ಪ್ರಕಟಿಸುವ ರೀತಿಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸವಾದರೆ ನಡೆಯುತ್ತದೆ ಎಂದು 1964ರಲ್ಲಿ ಬಹುಮತದ ತೀರ್ಪು ಬಂತು. ತೆರಿಗೆ ಉಳಿಯಿತು.

ಸುಮಾರು ಹತ್ತು ವರ್ಷದ ನಂತರ ಗುಜರಾತಿನ ಗೋಧ್ರಾದಿಂದ ಇನ್ನೊಂದು ಪ್ರಕರಣ ಬಂತು. ಮಾರುಕಟ್ಟೆ ಸಮಿತಿಯ ನಿಯಂತ್ರಣಕ್ಕೆ ಶುಂಠಿಯನ್ನು ಸೇರಿಸಿದ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿತ್ತು, ಆದರೆ ಕಾಯ್ದೆ ಹೇಳಿದ್ದಂತೆ ಆ ಪ್ರದೇಶದ ಗುಜರಾತಿ ಪತ್ರಿಕೆಯಲ್ಲಿ ಬಂದಿರಲಿಲ್ಲ. ಪರವಾನಗಿ ಇಲ್ಲದೆ ಶುಂಠಿ ಕೊಂಡರೆಂದು ವ್ಯಾಪಾರಿಯೊಬ್ಬರ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಹಳ್ಳಿಯ ವರ್ತಕರು ರಾಜ್ಯಪತ್ರ ಓದುವುದಿಲ್ಲ, ಸ್ಥಳೀಯ ಪತ್ರಿಕೆ ಓದುತ್ತಾರೆ, ಆದ್ದರಿಂದ ಅಲ್ಲಿ ಪ್ರಕಟಿಸುವುದು ಕಡ್ಡಾಯ ಎಂದು 1975ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ವ್ಯಾಪಾರಿ ಪಾರಾದರು.

ಅಂದರೆ ನ್ಯಾಯಾಲಯ ನೋಡುವುದು ತಪ್ಪಿನಿಂದ ಜನರಿಗೆ ವಿಷಯ ತಲುಪದೇ ಹೋಯಿತೇ ಎಂಬುದನ್ನು. ಇನ್ನೊಂದು ಎಚ್ಚರಿಕೆ: ಪೂರ್ವ ಪ್ರಕಟಣೆಯ ನಂತರ ಮಾಡಿದ್ದೆಂದು ಹೇಳಿಕೊಳ್ಳುವ ಬೈಲಾ ರಾಜ್ಯಪತ್ರದಲ್ಲಿ ಪ್ರಕಟವಾದರೆ, ಅದು ಕ್ರಮಬದ್ಧವಾಗಿ ಆಗಿದೆ ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ರುಜುವಾತು ಎಂದು ಸಾಮಾನ್ಯ ಖಂಡಗಳ ಅಧಿನಿಯಮದ ಅದೇ 23ನೇ ಪ್ರಕರಣ ಹೇಳುತ್ತದೆ. ಅಂತಿಮ ಪ್ರಕಟಣೆಯ ನಂತರ ಕಾರ್ಯವಿಧಾನದ ಲೋಪಗಳನ್ನು ಎತ್ತುವುದು ಹಾಗಾಗಿ ಕಠಿಣ. ಲೋಪ ಕಂಡ ದಿನವೇ ಬರೆದು ದಾಖಲಿಸಿ.

ನನ್ನನ್ನು ಕರೆದು ಮುಖತಃ ವಿಚಾರಿಸಬೇಕಲ್ಲವೇ?

ಎಲ್ಲರಿಗೂ ಅನ್ವಯಿಸುವ ನಿಯಮ ಮಾಡುವಾಗ ಲಿಖಿತ ಆಕ್ಷೇಪಣೆಯ ಪರಿಶೀಲನೆ ಸಾಕು. ಮುಖತಃ ವಿಚಾರಣೆ ಬೇಕೆಂದು ಮೂಲ ಕಾಯ್ದೆಯೇ ಹೇಳಿದ್ದರೆ ಮಾತು ಬೇರೆ. ಆಗ ಆಲಿಸಿದವರೇ ತೀರ್ಮಾನಿಸಬೇಕು. ಆಂಧ್ರದ ಬಸ್ ಮಾರ್ಗಗಳ ರಾಷ್ಟ್ರೀಕರಣದ ಯೋಜನೆಗೆ ಬಂದ ಆಕ್ಷೇಪಣೆಗಳನ್ನು ಕಾರ್ಯದರ್ಶಿ ಆಲಿಸಿ ಮುಖ್ಯಮಂತ್ರಿ ತೀರ್ಮಾನಿಸಿದಾಗ 1958ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅದು ಅರೆನ್ಯಾಯಿಕ, ಅಂದರೆ ನ್ಯಾಯಾಲಯದ ರೀತಿಯ ವಿಚಾರಣೆಯಾಗಿತ್ತು, ಎಲ್ಲ ಬೈಲಾಗಳಿಗೂ ಆ ತೀರ್ಪನ್ನು ಎಳೆಯಲಾಗದು.

ಕರಡಿನಲ್ಲಿ ಇಲ್ಲದ ಖಂಡವೊಂದು ಅಂತಿಮ ಬೈಲಾದಲ್ಲಿ ಬಂದಿದೆ. ಇದು ಸರಿಯೇ?

ಆಕ್ಷೇಪಣೆಗಳನ್ನು ಕೇಳಿದ ಮೇಲೆ ಬದಲಾವಣೆ ಆಗಲೇಬೇಕು. ಪ್ರತಿ ಬದಲಾವಣೆಗೂ ಮತ್ತೆ ಪ್ರಕಟಿಸಬೇಕೆಂದರೆ ಕೆಲಸ ಮುಗಿಯುವುದೇ ಇಲ್ಲ. ದರ ಇಳಿದರೆ, ವಿನಾಯಿತಿ ಸೇರಿದರೆ, ವಾಕ್ಯ ಸ್ಪಷ್ಟವಾದರೆ ಮರುಪ್ರಕಟಣೆ ಬೇಡ. ಆದರೆ ಕರಡು ಓದಿದವರು ಊಹಿಸಲೂ ಸಾಧ್ಯವಿಲ್ಲದ ಹೊಸ ಹೊಣೆ, ಹೊಸ ದಂಡ, ಹೊಸ ವರ್ಗದ ಜನ ಸೇರಿಕೊಂಡರೆ ಆ ಭಾಗದ ಮಟ್ಟಿಗೆ ಜನರ ಮಾತು ಕೇಳಿಯೇ ಇಲ್ಲ ಎಂದು ವಾದಿಸಬಹುದು. ಕರಡು ಮತ್ತು ಅಂತಿಮ ಪ್ರತಿ ಎರಡನ್ನೂ ಜೋಡಿಸಿಟ್ಟುಕೊಳ್ಳಿ. ಜಾಲತಾಣದಿಂದ ಹಳೆಯ ಕರಡು ಕಾಣೆಯಾಗುವುದು ಹೊಸದೇನಲ್ಲ.

ಮೂಲ ಕಾಯ್ದೆಯಲ್ಲಿ ಪೂರ್ವ ಪ್ರಕಟಣೆಯ ಮಾತೇ ಇಲ್ಲ. ಆಗ ಕೇಳುವ ಹಕ್ಕು ಎಲ್ಲಿಂದ ಬರುತ್ತದೆ?

ಕಷ್ಟದ ಪ್ರಶ್ನೆ. ನಿಯಮ ಮಾಡುವುದು ಶಾಸನಾತ್ಮಕ ಕೆಲಸ, ಕಾಯ್ದೆ ಹೇಳದಿದ್ದರೆ ಜನರ ಮಾತು ಕೇಳಬೇಕಾಗಿಲ್ಲ ಎಂಬುದು ನಮ್ಮ ನ್ಯಾಯಾಲಯಗಳ ಸಾಮಾನ್ಯ ನಿಲುವು. ಔಷಧ ಬೆಲೆ ನಿಗದಿಯ ಸೈನಮೈಡ್ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಬಲವಾಗಿ ಹೇಳಿತು. ಆದರೆ ಮೊಬೈಲ್ ಕರೆ ಕಡಿತದ ಪರಿಹಾರದ ನಿಯಮವನ್ನು 2016ರಲ್ಲಿ ರದ್ದುಪಡಿಸಿದಾಗ ಅದೇ ನ್ಯಾಯಾಲಯ, ಅಧೀನ ಶಾಸನ (ಕಾಯ್ದೆಯ ಅಡಿಯ ನಿಯಮ, ಬೈಲಾಗಳು) ಮಾಡುವ ಎಲ್ಲ ಸಂಸ್ಥೆಗಳೂ ಜನರ ಅಭಿಪ್ರಾಯ ಕೇಳುವಂತೆ ಸಂಸತ್ತು ಕಾನೂನು ತರುವುದು ಒಳಿತು ಎಂದು ಅಮೆರಿಕದ ಪದ್ಧತಿಯನ್ನು ನೆನೆದು ಹೇಳಿತು.

ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಕನಿಷ್ಠ 30 ದಿನ ಎನ್ನುತ್ತದೆ. ಆದರೆ ಅದು ಕೇಂದ್ರದ ಸಚಿವಾಲಯಗಳಿಗೆ, ಅದೂ ನೀತಿಯೇ ಹೊರತು ಕಾನೂನಲ್ಲ. ನಮ್ಮ ಕೈಯಲ್ಲಿ ಈಗಲೇ ಇರುವ ಸಾಧನ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ. ಜನರನ್ನು ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು, ನೀತಿ ರಚನೆಯಲ್ಲಿ ಸಾರ್ವಜನಿಕರೊಂದಿಗೆ ಸಮಾಲೋಚಿಸಲು ಯಾವ ವ್ಯವಸ್ಥೆ ಇದೆ ಎಂದು ಘೋಷಿಸಬೇಕು ಎಂದು ಅದು ಪ್ರತಿ ಸಾರ್ವಜನಿಕ ಪ್ರಾಧಿಕಾರಕ್ಕೂ ಹೇಳುತ್ತದೆ, ಪುಟ್ಟ ಪಟ್ಟಣ ಪಂಚಾಯಿತಿಗೂ. ನಿಮ್ಮ ಊರಿನ ಸಂಸ್ಥೆಯ ಈ ಘೋಷಣೆಯನ್ನು ತರಿಸಿ ಓದಿ. ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದರೆ ನಿಮ್ಮ ಮೊದಲ ಮನವಿ ಯಾವುದರ ಬಗ್ಗೆ ಇರಬೇಕೆಂಬುದು ಸಿಕ್ಕಿತು.

ನಾನೇ ಪುರಸಭೆಯ ಸದಸ್ಯೆ. ನಮ್ಮ ಕಡೆಯಿಂದ ಸಮಾಲೋಚನೆಯನ್ನು ಚೆನ್ನಾಗಿ ನಡೆಸಬೇಕೆಂದಿದ್ದರೆ ಏನು ಮಾಡಬೇಕು?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕರಡಿನ ಜೊತೆ ಎರಡು ಪುಟದ ಸರಳ ಕನ್ನಡದ ವಿವರಣೆ ಕೊಡಿಸಿ: ಈಗ ಏನಿದೆ, ಏನು ಬದಲಾಗುತ್ತದೆ, ಯಾರಿಗೆ ಎಷ್ಟು ಹೊರೆ ಬೀಳುತ್ತದೆ. ಶುಲ್ಕದ ಕರಡಾದರೆ ಲೆಕ್ಕವನ್ನು ತೋರಿಸಿ. ಹೆಚ್ಚು ತಟ್ಟುವವರಿರುವ ಜಾಗಕ್ಕೇ ಸಭೆಯನ್ನು ಒಯ್ಯಿರಿ. ಸಂತೆಯ ಶುಲ್ಕದ ಸಭೆ ಸಂತೆಯ ದಿನ, ಸಂತೆಯ ಮೈದಾನದಲ್ಲಿ, ವ್ಯಾಪಾರ ಮುಗಿದ ಹೊತ್ತಿಗೆ ನಡೆಯಲಿ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ತಮ್ಮೊಳಗಿಂದ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಯಮದ ಭಾರ ಹೊರುವವರು ನಿಯಮ ರೂಪಿಸುವ ಮೇಜಿನಲ್ಲೇ ಕೂರುವ ಈ ವ್ಯವಸ್ಥೆಯನ್ನು ಬೇರೆ ವಿಷಯಗಳಿಗೂ ಉಪಸಮಿತಿಯ ರೂಪದಲ್ಲಿ ನೀವು ತರಬಹುದು. ಅದಕ್ಕೆ ಸಾಮಾನ್ಯ ಸಭೆಯ ಒಂದು ನಿರ್ಣಯ ಸಾಕು.

ಎಲ್ಲಕ್ಕಿಂತ ಮುಖ್ಯವಾಗಿ, ಆಕ್ಷೇಪಣೆಗಳ ಕೋಷ್ಟಕವನ್ನು ಅಂತಿಮ ಬೈಲಾದ ಜೊತೆಗೇ ಪ್ರಕಟಿಸಲು ಒತ್ತಾಯಿಸಿ. ಯಾವುದನ್ನು ಒಪ್ಪಿದಿರಿ, ಯಾವುದನ್ನು ಒಪ್ಪಲಿಲ್ಲ, ಕಾರಣವೇನು ಎಂಬ ಮೂರು ಅಂಕಣಗಳು ಅದರಲ್ಲಿರಲಿ. ಒಪ್ಪದಿರಲು ಸಂಸ್ಥೆಗೆ ಅಧಿಕಾರವಿದೆ, ಕಾರಣ ಹೇಳಿದರೆ ಅದೇನೂ ಕಡಿಮೆಯಾಗುವುದಿಲ್ಲ. ಇದನ್ನು ಈಗ ಯಾವ ಕಾಯ್ದೆಯೂ ತಡೆಯುವುದಿಲ್ಲ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ನೀವೇ ಸೇರಿಸಬಹುದು.